ಗೆರೆಯಾಚೆಯ ಹಾಡುಗಳು

ಮಳೆ ಬಂದು ನಿಂತ ಸಂಜೆ. ಸುಂಟಿಕೊಪ್ಪದ ಮೈದಾನದಲ್ಲಿ ಫುಟ್ಬಾಲ್ ಪಂದ್ಯ ನಡೆಯುತ್ತಿತ್ತು. ನಾವು ನಿಂತಿದ್ದುದು ಗೋಲಿನ ಹಿಂದುಗಡೆ, ಕಡಲೆಕಾಯಿ ಮಾರುವವನ ಗಾಡಿಗೆ ಒರಗಿಕೊಂಡು. ಆಟ ಅಷ್ಟೇನೂ ಚೆನ್ನಾಗಿರಲಿಲ್ಲ. ಒದ್ದೆ ನೆಲದಲ್ಲಿ ಚೆಂಡು ಉರುಳುವುದಕ್ಕಿಂತ ಹೂತು ನಿಲ್ಲುವುದೇ ಹೆಚ್ಚಾಗಿತ್ತು. ಆಗ ಎಡಬದಿಯ ಹುಡುಗರ ಗುಂಪಿನಿಂದ ಒಂದು ಹಾಡು ಎದ್ದಿತು. ರಾಗ ಹಳೆಯ ಹಿಂದಿ ಸಿನಿಮಾದ್ದು. ಮಾತು ಮಾತ್ರ ಅದರದ್ದಲ್ಲ. ಮೊದಲ ಸಾಲು ಮಲಯಾಳ, ಎರಡನೆಯದು ಕನ್ನಡ, ಮೂರನೆಯದರ ಬಾಲಕ್ಕೆ ತಮಿಳಿನ ಒಂದು ಬೈಗುಳ. ವಸ್ತು ಎದುರು ತಂಡದ ಗೋಲ್‌ಕೀಪರನ ಹೊಟ್ಟೆಯ ಸುತ್ತಳತೆ. ಹಾಡು ಮೂರನೇ ಸಲ ಸುತ್ತು ಬರುವಷ್ಟರಲ್ಲಿ ಅವನಿಗೆ ಮಾತು ಅರ್ಥವಾಗಿರಬೇಕು. ತಿರುಗಿ ನೋಡಿ ಹೊಟ್ಟೆ ಸವರಿಕೊಂಡು ನಕ್ಕ. ಇಡೀ ಮೈದಾನ ನಕ್ಕಿತು.

ಕತೆ ಬರೆಯುವುದನ್ನೇ ಕಸುಬು ಮಾಡಿಕೊಂಡ ನಮಗೆ ಆ ಮೂರು ಸಾಲು ಹೊಟ್ಟೆಕಿಚ್ಚು ತರಿಸಿತು. ಯಾರು ಕಟ್ಟಿದ್ದೆಂದು ಕೇಳಿದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕಟ್ಟಿರಲಿಲ್ಲ, ಅದು ಬಂತು ಅಷ್ಟೆ ಎಂದರು. ಎಲ್ಲಿಂದ ಬಂತು ಎಂಬುದೇ ಈ ಬರಹದ ಪ್ರಶ್ನೆ.

ಪ್ರಶ್ನೆ ಸುಲಭದ್ದಲ್ಲ. ಪಂದ್ಯದ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತದೆ. ಗೋಲು ಹೊಡೆದವನ ಹೆಸರು, ಬಹುಮಾನ ವಿತರಿಸಿದ ಗಣ್ಯರ ಹೆಸರು, ಅವರಿಗೆ ಹಾರ ಹಾಕಿದವರ ಹೆಸರೂ ಬರುತ್ತದೆ. ಗೆರೆಯಾಚೆ ನಿಂತು ಗಂಟಲು ಹರಿದುಕೊಂಡವರಿಗೆ ಮಾತ್ರ "ಪ್ರೇಕ್ಷಕರ ಹರ್ಷೋದ್ಗಾರದ ನಡುವೆ" ಎಂಬ ಒಂದೇ ಪದಪುಂಜ ಮೀಸಲು. ಆ ಹರ್ಷೋದ್ಗಾರದಲ್ಲಿ ಏನಿತ್ತು, ಯಾವ ರಾಗದಲ್ಲಿತ್ತು, ಯಾವ ಭಾಷೆಯಲ್ಲಿತ್ತು ಎಂದು ಯಾವ ವರದಿಗಾರನೂ ಬರೆದುಕೊಳ್ಳುವುದಿಲ್ಲ. ಹೀಗಾಗಿ ಮೈದಾನದ ಹಾಡಿನ ಚರಿತ್ರೆಯನ್ನು ಮೈದಾನದ ಹೊರಗೆ ಹುಡುಕಬೇಕಾಗುತ್ತದೆ.

ಕೊಡಗಿನಲ್ಲಿ ಹುಡುಕುವವನಿಗೆ ಮೊದಲು ಕೇಳಿಸುವುದು ದುಡಿ. ನಡು ಸಣ್ಣಗಿರುವ ಆ ಪುಟ್ಟ ವಾದ್ಯವನ್ನು ಹಿಡಿದು ನಾಲ್ವರು ನಿಂತು ಹಾಡುವ ಬಾಳೋಪಾಟ್ ಮದುವೆಗೂ ಇದೆ, ಸಾವಿಗೂ ಇದೆ, ಪುತ್ತರಿಗೂ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯ ಕೆಲಸದ ನಡುವೆ ಊರೂರು ಅಲೆದು ಈ ಹಾಡುಗಳನ್ನು ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಅಚ್ಚು ಹಾಕಿಸಿದರು. ಕೊಡವ ಮಾತನ್ನು ಕನ್ನಡ ಲಿಪಿಯಲ್ಲಿ ಕೂಡಿಟ್ಟ ಆ ಪುಸ್ತಕವಿಲ್ಲದಿದ್ದರೆ ಎಷ್ಟೋ ಹಾಡುಗಳು ಹಾಡುವವರ ಜೊತೆಗೇ ಮಣ್ಣಾಗುತ್ತಿದ್ದವು. ನಮಗೆ ಇಲ್ಲಿ ಮುಖ್ಯವಾಗುವುದು ಹಾಡಿನ ಚೌಕಟ್ಟು. ಲಯ ಮೊದಲೇ ಗೊತ್ತಿದೆ, ಆರಂಭ ಗೊತ್ತಿದೆ. ನಡುವೆ ಮನೆಯ ಹೆಸರು, ಹಿರಿಯರ ಹೆಸರು, ಮದುಮಗನ ಹೆಸರು ಬಂದು ಕೂರುತ್ತದೆ. ಹಾಡುಗಾರ ಆ ಹೊತ್ತಿನ ಮನೆಗೆ ತಕ್ಕಂತೆ ಹೊಸ ಸಾಲನ್ನು ಹಳೆಯ ಅಚ್ಚಿಗೆ ಎರೆಯುತ್ತಾನೆ. ಅಭಿಮಾನಿಗಳ ಹಾಡು ಹುಟ್ಟುವುದೂ ಹೀಗೆಯೇ.

ಈ ಅಚ್ಚು ಆಟದ ಮೈದಾನಕ್ಕೆ ನೇರವಾಗಿ ನಡೆದು ಬಂದದ್ದು ಹಾಕಿಯ ಮೂಲಕ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಆರಂಭಿಸಿದಾಗ ಬಂದದ್ದು 60 ಕುಟುಂಬಗಳು. ಸ್ವತಃ ಹಾಕಿ ಅಂಪೈರ್ ಆಗಿದ್ದ ಅವರಿಗೆ ಸೀಟಿ ಊದುವುದರ ಜೊತೆಗೆ ಜನ ಸೇರಿಸುವುದೂ ಗೊತ್ತಿತ್ತು. 2018ರ ತನಕ ನಡೆದು, ಪ್ರಕೃತಿ ವಿಕೋಪ ಮತ್ತು ಕೋವಿಡ್‌ನಿಂದ ನಿಂತು, 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾದ ಈ ಹಬ್ಬಕ್ಕೆ 2024ರಲ್ಲಿ 360 ಕುಟುಂಬಗಳು ಬಂದವು. ಗಿನ್ನೆಸ್ ದಾಖಲೆಯವರೂ ಅದನ್ನು ಬರೆದುಕೊಂಡರು. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಸೊಸೆ ಕೋಲು ಹಿಡಿದು ಓಡುವುದನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು.

ಅಲ್ಲಿ ಜನ ಕೂಗುವುದು ಊರಿನ ಹೆಸರನ್ನಲ್ಲ, ಆಟಗಾರನ ಹೆಸರನ್ನೂ ಅಲ್ಲ, ಮನೆಯ ಹೆಸರನ್ನು. ಕೊಡವ ಮನೆಹೆಸರುಗಳಿಗೆ ಮೂರು ನಾಲ್ಕು ಅಕ್ಷರ, ಕೊನೆಗೆ 'ಅಂಡ' ಅಥವಾ 'ಇರ' ಎಂಬ ಭಾರವಾದ ಬಾಲ. ಕೂಗಲು ಇದಕ್ಕಿಂತ ಹದವಾದ ಹೆಸರುಗಳು ಜಗತ್ತಿನಲ್ಲಿ ಎಲ್ಲಿಯೂ ಇರಲಾರವು. ಕೊಂಬು ಕೊಟ್ಟಿನ ವಾಲಗ ಜೊತೆಗೂಡಿದರೆ ಸೋತ ಮನೆಯವರೂ ಕುಣಿಯುತ್ತಾರೆ. ಒಂದು ಮಾತು ಇಲ್ಲಿಯೇ ಹೇಳಬೇಕು. ಆ ವಾಲಗ ನುಡಿಸುವವರು ಹೆಚ್ಚಾಗಿ ಕೊಡವರಲ್ಲ. ಮೇದರು, ಕೆಂಬಟ್ಟಿಯವರು ಮೊದಲಾದ ಸಮುದಾಯದವರು. ಅವರ ಮನೆಹೆಸರನ್ನು ಯಾರೂ ಕೂಗುವುದಿಲ್ಲ. ಕೂಗಿಗೆ ಉಸಿರು ಕೊಡುವವರು ಬೇರೆ, ಹೆಸರು ಪಡೆಯುವವರು ಬೇರೆ.

ಮನೆಹೆಸರಿನ ಮಾತು ಬಂದಾಗ ನಮ್ಮವರ ಕತೆಯೂ ಬರುತ್ತದೆ. ವಿರಾಜಪೇಟೆ ಸುತ್ತಿನ ಕೊಡವ ಮಾಪಿಳ್ಳೆಗಳು, ಜಮ್ಮಾ ಮಾಪಿಳ್ಳೆಗಳೆಂದು ಕರೆಸಿಕೊಳ್ಳುವವರು, ಇಂದಿಗೂ ಕೊಡವ ತಕ್ಕ್ ಮಾತಾಡುತ್ತಾರೆ. ಆಲೀರ, ಕುವಲೇರ, ದುದ್ದಿಯಂಡ ಎಂಬ ಮನೆಹೆಸರುಗಳು ಅವರ ಹೆಸರಿನ ಮುಂದಿವೆ. ಹಾಕಿ ಹಬ್ಬ ಅವರದ್ದಲ್ಲ. ಅವರು ತಮ್ಮ ಮನೆಗಳ ನಡುವೆ ಕ್ರಿಕೆಟ್ ಆಡಿಸಿಕೊಂಡರು. ಎರಡೂ ಕಡೆ ನಿಂತು ಕೇಳಿದವರಿಗೆ ಕೂಗು ಒಂದೇ ಅಚ್ಚಿನದ್ದೆಂದು ತಿಳಿಯುತ್ತದೆ. ಬೇಲಿ ಎಲ್ಲಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ.

ಹೊಗಳಿಕೆಯ ಹಾಡಿಗೆ ಮೂಲ ಸಿಕ್ಕಿತು. ಗೋಲ್‌ಕೀಪರನ ಹೊಟ್ಟೆಯ ಹಾಡಿಗೆ? ಅದಕ್ಕೆ ದೇವರಪುರಕ್ಕೆ ಹೋಗಬೇಕು. ಮೇ ತಿಂಗಳಲ್ಲಿ ಅಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಕುರುಬರು, ಯರವರು ವೇಷ ಹಾಕಿಕೊಂಡು, ಪ್ಲಾಸ್ಟಿಕ್ ಡಬ್ಬ, ತಗಡು, ಸೋರೆಬುರುಡೆ ಏನು ಸಿಕ್ಕಿತೋ ಅದನ್ನೇ ಬಡಿಯುತ್ತಾ ಬೈಗುಳದ ಹಾಡು ಹಾಡುತ್ತಾರೆ. ದಾರಿಯಲ್ಲಿ ಸಿಕ್ಕ ಬಸ್ಸು, ಕಾರು, ಅಂಗಡಿಯವರು, ತೋಟದ ಯಜಮಾನರು, ಕೊನೆಗೆ ದೇವರು, ಯಾರಿಗೂ ವಿನಾಯಿತಿಯಿಲ್ಲ. ಕತೆ ಏನೆಂದರೆ, ಬೇಟೆಗೆಂದು ಇವರನ್ನು ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಮೋಹಗೊಂಡು ಇವರನ್ನು ನಡುಕಾಡಿನಲ್ಲಿ ಮರೆತು ಹೊರಟುಹೋದನಂತೆ. ಆ ಸಿಟ್ಟನ್ನು ವರ್ಷಕ್ಕೊಮ್ಮೆ ತೀರಿಸಿಕೊಳ್ಳುತ್ತಾರೆ. ಮರುದಿನ ಅದೇ ತೋಟದಲ್ಲಿ ಅದೇ ಯಜಮಾನನ ಕೈಕೆಳಗೆ ಕೆಲಸ. ಬೈಸಿಕೊಂಡವನು ಕಾಸು ಕೊಟ್ಟು ನಗುತ್ತಾನೆ. ಒಂದು ದಿನ, ಒಂದು ಜಾಗ, ಒಂದು ಲಯದ ಒಳಗೆ ಬೈಗುಳಕ್ಕೆ ಪರವಾನಗಿ ಇದೆ ಎಂಬ ಈ ಒಪ್ಪಂದ ಇಲ್ಲದಿದ್ದರೆ ಯಾವ ದೇಶದ ಫುಟ್ಬಾಲ್ ಮೈದಾನವೂ ನಡೆಯದು.

ಇನ್ನು ರಾಗದ ವಿಚಾರ. ಹಳೆಯ ರಾಗಕ್ಕೆ ಹೊಸ ಮಾತು ಕೂರಿಸುವುದು ಕಳ್ಳತನವಲ್ಲವೇ ಎಂದು ಸಾಹಿತಿಗಳು ಕೇಳಬಹುದು. ನಾವು ಬೆಳೆದದ್ದೇ ಈ ಕಳ್ಳತನದ ನಡುವೆ. ನಮ್ಮ ಉರ್ದು ಶಾಲೆಯ ದಿನಗಳಲ್ಲಿ ಎಂಟಾಣೆಗೆ ಸಿಗುತ್ತಿದ್ದ ನಾತ್ ಪುಸ್ತಿಕೆಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ 'ತರ್ಜ್' ಎಂದು ಬರೆದು ಒಂದು ಸಿನಿಮಾ ಹಾಡಿನ ಹೆಸರು ಕೊಟ್ಟಿರುತ್ತಿತ್ತು. ಆ ರಾಗದಲ್ಲಿ ಹಾಡಿಕೊಳ್ಳಿ ಎಂದು ಅರ್ಥ. ಸಿನಿಮಾ ನೋಡಿದರೆ ಬೆತ್ತ ಹಿಡಿಯುತ್ತಿದ್ದ ಉಸ್ತಾದರು, ಆ ತರ್ಜನ್ನು ಮಾತ್ರ ಒಂದು ಸ್ವರವೂ ತಪ್ಪದಂತೆ ಹೇಳಿಕೊಡುತ್ತಿದ್ದರು. ಅವರು ಎಲ್ಲಿ ಕಲಿತರೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಮಾಪಿಳ್ಳೆ ಪಾಟ್ಟಿನಲ್ಲಿ ಇದಕ್ಕೆ 'ಇಶಲ್' ಎಂದು ಹೆಸರು. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದಾಗ ಅವರಿಗಿನ್ನೂ ಇಪ್ಪತ್ತು ವರ್ಷ. ಆ ಕಾವ್ಯದ ಇಶಲ್‌ಗಳು ಆಮೇಲೆ ಮದುವೆಗೆ, ಕೋಲ್ಕಳಿಗೆ, ಚುನಾವಣೆಯ ಪ್ರಚಾರಕ್ಕೆ ಸಾಮಗ್ರಿಯಾದವು. ಇಶಲ್ ಗೊತ್ತಿದ್ದವನಿಗೆ ಮಾತು ಕಟ್ಟುವುದು ಅರ್ಧ ಗಂಟೆಯ ಕೆಲಸ.

ಇಂಗ್ಲೆಂಡಿನವರೂ ಇದನ್ನೇ ಮಾಡಿದ್ದು. ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದಲ್ಲಿ ಇಂದು ಸಾವಿರಾರು ಜನ ಕಣ್ಣೀರಿಟ್ಟುಕೊಂಡು ಹಾಡುವ ಹಾಡು 1945ರಲ್ಲಿ ಅಮೆರಿಕದ ಒಂದು ಸಂಗೀತ ನಾಟಕಕ್ಕೆಂದು ಹುಟ್ಟಿದ್ದು. 1963ರಲ್ಲಿ ಅದೇ ಊರಿನ ಹುಡುಗರ ತಂಡವೊಂದು ಅದನ್ನು ರೆಕಾರ್ಡ್ ಮಾಡಿತು. ಮೈದಾನದ ಧ್ವನಿವರ್ಧಕದಲ್ಲಿ ಪಂದ್ಯಕ್ಕೆ ಮೊದಲು ಜನಪ್ರಿಯ ಹಾಡುಗಳನ್ನು ಹಾಕುವ ರೂಢಿಯಿತ್ತು. ಹಾಡು ಜನಪ್ರಿಯತೆಯ ಪಟ್ಟಿಯಿಂದ ಇಳಿದರೂ ಜನರ ಬಾಯಿಯಿಂದ ಇಳಿಯಲಿಲ್ಲ. ನಾಟಕದಿಂದ ರೆಕಾರ್ಡಿಗೆ, ರೆಕಾರ್ಡಿನಿಂದ ಮೈದಾನಕ್ಕೆ ಬಂದ ಈ ಹಾದಿ ನಮ್ಮ ನಾತ್ ಪುಸ್ತಿಕೆಯ ತರ್ಜಿನ ಹಾದಿಯೇ.

ಕೊಡಗಿಗೆ ಹಾಕಿಯನ್ನು ತಂದುಕೊಟ್ಟದ್ದು ಸೈನ್ಯವೆಂದು ಎಲ್ಲರೂ ಹೇಳುತ್ತಾರೆ. ಫುಟ್ಬಾಲಿಗೆ ಅಂಥ ವಂಶಾವಳಿಯಿಲ್ಲ. ಮಾಕುಟ್ಟದ ಘಾಟಿ ಇಳಿದರೆ ಇರಿಟ್ಟಿ, ಆಚೆಗೆ ಕಣ್ಣೂರು. ಮೆಣಸು, ಮೀನು, ಮದುವೆಯ ಸಂಬಂಧ ಇವುಗಳ ಜೊತೆಗೆ ಫುಟ್ಬಾಲೂ ಇದೇ ರಸ್ತೆಯಲ್ಲಿ ಹತ್ತಿ ಬಂದಿರಬೇಕೆಂಬುದು ನಮ್ಮ ಎಣಿಕೆ. ಮಲಬಾರಿನಲ್ಲಿ ಆಡುವುದು ಏಳು ಮಂದಿಯ ಸೆವೆನ್ಸ್. ಕೊಯ್ಲಾದ ಗದ್ದೆ, ಅಡಕೆ ಮರದ ಗ್ಯಾಲರಿ, ರಾತ್ರಿಯ ದೀಪ, ಜೀಪಿನ ಮೇಲೆ ಕಟ್ಟಿದ ಮೈಕಿನಲ್ಲಿ ಹಾಡಿನ ರಾಗದಲ್ಲೇ ಪಂದ್ಯದ ಪ್ರಚಾರ. ಅಲ್ಲಿಗೆ ಆಫ್ರಿಕದ ಆಟಗಾರರು ಬಂದು ಆಡುವ ಕತೆಯನ್ನು 2018ರ 'ಸುಡಾನಿ ಫ್ರಮ್ ನೈಜೀರಿಯಾ' ಚಿತ್ರ ನೋಡಿದವರು ಬಲ್ಲರು. ಸುಂಟಿಕೊಪ್ಪದಲ್ಲಿ ಬ್ಲೂ ಬಾಯ್ಸ್ ಯೂತ್ ಕ್ಲಬ್ಬಿನವರು ಡಿ. ಶಿವಪ್ಪನವರ ಸ್ಮರಣಾರ್ಥ ನಡೆಸಿಕೊಂಡು ಬಂದ ಗೋಲ್ಡ್ ಕಪ್ ಪಂದ್ಯಾವಳಿಗೆ ಕೇರಳದ ತಂಡಗಳೂ ಬರುತ್ತವೆ. ಊರು ತೋಟಗಳ ನಡುವಿನದು. ತಮಿಳು ಕಾರ್ಮಿಕರು, ಮಲಯಾಳಿಗಳು, ತುಳುವರು, ಗೌಡರು, ಕೊಡವರು, ಬ್ಯಾರಿಗಳು, ಉರ್ದುವಿನ ನಾವು ಎಲ್ಲ ಒಂದೇ ಸಂತೆಯಲ್ಲಿ ಸಾಮಾನು ಕೊಳ್ಳುವವರು. ಹಾಡಿನಲ್ಲಿ ಮೂರು ಭಾಷೆ ಇದ್ದುದರಲ್ಲಿ ಆಶ್ಚರ್ಯವೇನಿಲ್ಲ. ನಾಲ್ಕನೆಯದು ಬಿಟ್ಟುಹೋದದ್ದೇ ಆಶ್ಚರ್ಯ.

ಗುಂಪು ಹಾಡಿಗೆ ತಾಳವಾದ್ಯ ಏಕೆ ಬೇಕೆಂದು ನಮಗೆ ಬಹಳ ದಿನ ತಿಳಿದಿರಲಿಲ್ಲ. ಮೈದಾನದ ಉದ್ದ ಸುಮಾರು 100 ಮೀಟರ್. ಶಬ್ದ ಸೆಕೆಂಡಿಗೆ 340 ಮೀಟರಿನಷ್ಟು ಓಡುತ್ತದೆ. ಅಂದರೆ ಈ ತುದಿಯ ಕೂಗು ಆ ತುದಿ ಮುಟ್ಟಲು ಸೆಕೆಂಡಿನ ಮೂರರಲ್ಲೊಂದು ಭಾಗ ಬೇಕು. ಅಷ್ಟರಲ್ಲಿ ಹಾಡು ಒಂದು ಅಕ್ಷರ ಮುಂದೆ ಹೋಗಿರುತ್ತದೆ. ಕಿವಿ ನಂಬಿ ಹಾಡಿದರೆ ಎರಡು ತುದಿಗಳೂ ಜಗಳವಾಡುತ್ತವೆ. ಆದ್ದರಿಂದಲೇ ಡ್ರಮ್ಮಿನವನನ್ನು ನಡುವೆ ಎತ್ತರದಲ್ಲಿ ನಿಲ್ಲಿಸುತ್ತಾರೆ. ದೂರದವರು ಅವನ ಕೈ ನೋಡಿ ಹಾಡುತ್ತಾರೆ. ಸಾಲು ಗಿಡ್ಡ, ಮಾತಿಗೆ ಮರುಮಾತು, ನಡುವೆ ಚಪ್ಪಾಳೆಗೆ ಖಾಲಿ ಜಾಗ. ದಫ್ ಬಡಿದು ಬೆಳೆದ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಡು ಕೂಡದೆಂದು ಮೂಗು ಮುರಿಯುವ ನಮ್ಮ ಕೆಲವು ಹಿರಿಯರು, ದಫ್ ಎಂದಾಗ ಮಾತ್ರ ಮೀಸೆಯಡಿ ನಗುವುದನ್ನು ಕಂಡಿದ್ದೇವೆ.

ಕೂಗುವುದು ಇಷ್ಟು ಮುಗ್ಧ ವಿಚಾರವೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು.

ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ 1934ರಲ್ಲಿ ಅಲ್ಲಿನ ಲೀಗ್ ಗೆದ್ದ ಮೊದಲ ಭಾರತೀಯ ತಂಡವಾಯಿತು. 1938ರ ತನಕ ಸತತ 5 ವರ್ಷ ಗೆದ್ದಿತು. ಕಾಜಿ ನಜ್ರುಲ್ ಇಸ್ಲಾಮರಂಥ ಕವಿ ಅಭಿನಂದನೆಯ ಕವಿತೆ ಬರೆದರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಆಟಗಾರರಿದ್ದರು. ಬೆಂಗಳೂರು ಮುಸ್ಲಿಮ್ಸ್ ಎಂಬ ಇಲ್ಲಿನದೇ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಸೈನ್ಯದವರಲ್ಲದ ಭಾರತೀಯ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. ಬ್ರಿಟಿಷ್ ಪಲ್ಟನ್ನುಗಳನ್ನು ಬರಿಗಾಲಿನವರು ಸೋಲಿಸಿದ ಕಾಲ ಅದು. 1911ರಲ್ಲಿ ಮೋಹನ್ ಬಾಗಾನ್ ಐಎಫ್‌ಎ ಶೀಲ್ಡ್ ಗೆದ್ದಾಗ ಎಲ್ಲರೂ ಒಟ್ಟಿಗೆ ಕೂಗಿದ್ದರು. ಮೂವತ್ತರ ದಶಕದ ಕೊನೆಗೆ ಕಲ್ಕತ್ತದ ಗ್ಯಾಲರಿಗಳಲ್ಲಿ ಯಾರು ಯಾರಿಗೆ ಕೂಗಬೇಕೆಂಬುದು ಧರ್ಮದಿಂದ ತೀರ್ಮಾನವಾಗತೊಡಗಿತ್ತು. ಗೆಲುವಿನ ಹೆಮ್ಮೆ ನಮ್ಮದೆಂದು ಬರೆಯುವಾಗ ಆ ಬಿರುಕನ್ನೂ ಬರೆಯದಿದ್ದರೆ ಚರಿತ್ರೆಗೆ ಮೋಸ ಮಾಡಿದಂತೆ.

ನಮ್ಮ ಕಾಲಕ್ಕೆ ಬಿರುಕು ಬೇರೆ ರೂಪದಲ್ಲಿ ಬಂತು. ಯಾವ ತಂಡಕ್ಕೆ ಕೂಗುತ್ತೀಯ ಎಂಬ ಪ್ರಶ್ನೆಯನ್ನು ಉಳಿದವರಿಗೆ ಕುತೂಹಲದಿಂದ ಕೇಳುತ್ತಾರೆ, ನಮ್ಮ ಮಕ್ಕಳಿಗೆ ಪರೀಕ್ಷೆಯಂತೆ ಕೇಳುತ್ತಾರೆ. ವಿಶ್ವಕಪ್ ಫುಟ್ಬಾಲ್ ಬಂದಾಗ ಮಾತ್ರ ಈ ಪರೀಕ್ಷೆಗೆ ರಜೆ. ಬ್ರೆಜಿಲ್ ಎನ್ನಿ, ಅರ್ಜೆಂಟೀನಾ ಎನ್ನಿ, ಯಾರೂ ಹುಬ್ಬೇರಿಸುವುದಿಲ್ಲ. ಕೊಡಗಿನ ಪೇಟೆಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಏಳುವ ಹಳದಿ, ನೀಲಿ ಬಾವುಟಗಳ ಸಂಭ್ರಮಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ನಮಗೆ ಅನ್ನಿಸಿದ್ದುಂಟು.

2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಏನಾಯಿತೆಂದು ಓದುಗರಿಗೆ ನೆನಪಿಸಬೇಕಾಗಿಲ್ಲ. ಜೀವಗಳು ಹೋದವು. 2011ರ ಜನಗಣತಿಯಂತೆ 5.54 ಲಕ್ಷ ಜನರ ಈ ಪುಟ್ಟ ಜಿಲ್ಲೆಯಲ್ಲಿ ಶೇ. 15ಕ್ಕೂ ಹೆಚ್ಚು ಮುಸ್ಲಿಮರು. ಎಲ್ಲರಿಗೂ ಎಲ್ಲರ ಮುಖ ಪರಿಚಯ. ಆ ಬಳಿಕದ ಒಂದು ಬೇಸಿಗೆಯಲ್ಲಿ, ಹೆಸರು ಬೇಡವಾದ ಒಂದು ಊರಿನಲ್ಲಿ, ನಾವು ಒಂದು ಪಂದ್ಯ ನೋಡುತ್ತಿದ್ದೆವು. ಬೈಗುಳದ ಹಾಡು ಎಂದಿನಂತೆ ಶುರುವಾಯಿತು. ಗೋಲ್‌ಕೀಪರ್, ರೆಫರಿ, ರೆಫರಿಯ ಕನ್ನಡಕ, ಎಲ್ಲ ಸರದಿಯಂತೆ ಬಂದವು. ಆಮೇಲೆ ಯಾವನೋ ಒಬ್ಬ ಒಂದು ಸಾಲು ಬದಲಿಸಿದ. ಹೊಟ್ಟೆ ಇದ್ದ ಜಾಗಕ್ಕೆ ಜಾತಿ ಬಂತು. ರಾಗ ಅದೇ, ಅಕ್ಷರಗಳೂ ಸರಿಯಾಗಿ ಕೂತಿದ್ದವು. ಒಂದಿಬ್ಬರು ಹಾಡಿದರು. ಒಂದಿಬ್ಬರು ಬಾಯಿ ತೆರೆದವರು ಹಾಗೆಯೇ ನಿಂತರು. ಡ್ರಮ್ಮಿನ ಹುಡುಗ, ಕಾಫಿ ತೋಟದ ಲೈನ್ ಮನೆಯವನಿರಬೇಕು, ಎತ್ತಿದ ಕೋಲನ್ನು ಇಳಿಸಲಿಲ್ಲ. ಅವನೇನೂ ಭಾಷಣ ಮಾಡಲಿಲ್ಲ. ಯಾರ ಕಡೆಗೂ ನೋಡಲಿಲ್ಲ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೂಟಿನ ದಾರ ಕಟ್ಟತೊಡಗಿದ. ತಾಳ ಹೋದ ಹಾಡು ಎರಡು ಸುತ್ತು ಕುಂಟಿ ಬಿದ್ದುಹೋಯಿತು. ದಾರ ಕಟ್ಟಿ ಮುಗಿಸಿದ ಅವನು ಬೇರೆ ಲಯ ಹಿಡಿದ.

ಹಾಡು ಮೈದಾನದಿಂದ ಬೀದಿಗೆ ಹೋಗುವುದೂ ಉಂಟು. 2018ರಲ್ಲಿ ಅಲ್ಜೀರಿಯಾದ ರಾಜಧಾನಿಯ ಯುಎಸ್‌ಎಂ ಅಲ್ಜೇರ್ ಕ್ಲಬ್ಬಿನ ಅಭಿಮಾನಿಗಳು ಅಧ್ಯಕ್ಷರ ಅರಮನೆಯನ್ನು ಲೇವಡಿ ಮಾಡಿ ಕಟ್ಟಿದ ಗ್ಯಾಲರಿ ಹಾಡನ್ನು 2019ರಲ್ಲಿ ಲಕ್ಷಾಂತರ ಜನ ಬೀದಿಯಲ್ಲಿ ಹಾಡಿದರು. 20 ವರ್ಷ ಆಳಿದ ಬೂತೆಫ್ಲಿಕಾ ಅದೇ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಹಾಡೇ ಅವರನ್ನು ಇಳಿಸಿತೆಂದು ನಾವು ಹೇಳುವುದಿಲ್ಲ. ಆದರೆ ಭಾಷಣಗಳನ್ನು ನಿಷೇಧಿಸಬಹುದಾಗಿದ್ದ ದೇಶದಲ್ಲಿ ಒಟ್ಟಿಗೆ ಬಾಯಿ ತೆರೆಯುವ ಅಭ್ಯಾಸ ಜನರಿಗೆ ಉಳಿದದ್ದು ಫುಟ್ಬಾಲಿನ ಗ್ಯಾಲರಿಯಲ್ಲಿ.

ನಮ್ಮಲ್ಲಿ ಆ ಅಭ್ಯಾಸಕ್ಕೆ ಈಗ ಬೆಂಗಳೂರಿನ ನೀರು ಸಿಗುತ್ತಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಕೂರುತ್ತಿದ್ದ ಹುಡುಗರು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡರು. ಮರುವರ್ಷ ತಂಡ ಕಂಠೀರವಕ್ಕೆ ಹೋಯಿತು, ಹಾಡುಗಳೂ ಹೋದವು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೋಹೋರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲಿಗೆ ಹೋದ ಮೊದಲ ಭಾರತೀಯ ತಂಡವಾದ ರಾತ್ರಿ ಕಂಠೀರವ ಕನ್ನಡದಲ್ಲಿ ಕೂಗಿತು. ಇಂಗ್ಲಿಷ್ ಬಲ್ಲ ನಗರದ ಹುಡುಗರು ಹುರುಪು ಬಂದಾಗ ಕನ್ನಡಕ್ಕೆ ಬಂದದ್ದು ನಮಗೆ ಖುಷಿ ಕೊಟ್ಟಿತು. ಎರಡು ವರ್ಷದ ಬಳಿಕ ಅದೇ ತಂಡದ ಸುನಿಲ್ ಛೆಟ್ರಿ, ಭಾರತದ ನಾಯಕರಾಗಿ, ಮುಂಬಯಿಯ ಖಾಲಿ ಕುರ್ಚಿಗಳನ್ನು ಕಂಡು, ಬೈಯಲಿಕ್ಕಾದರೂ ಮೈದಾನಕ್ಕೆ ಬನ್ನಿ ಎಂದು ವಿಡಿಯೊದಲ್ಲಿ ಬೇಡಿಕೊಂಡರು. 2018ರ ಜೂನ್ 4ರ ಕೀನ್ಯಾ ಪಂದ್ಯಕ್ಕೆ ಟಿಕೆಟ್ ಉಳಿಯಲಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಕೊಡಗಿನ ಹುಡುಗರು ಆ ಹಾಡುಗಳನ್ನು ಫೋನಿನಲ್ಲಿ ತುಂಬಿಕೊಂಡು ರಜೆಗೆ ಬರುತ್ತಾರೆ. ಬ್ಲಾಸ್ಟರ್ಸ್ ಪಕ್ಷದ ಹುಡುಗರು ಮಂಜಪ್ಪಡದ ಹಾಡು ತರುತ್ತಾರೆ. ಊರಿನ ಮೈದಾನದಲ್ಲಿ ಎರಡೂ ಡಿಕ್ಕಿ ಹೊಡೆದು ಮೂರನೆಯದೊಂದು ಹುಟ್ಟುತ್ತದೆ. ಇದಕ್ಕೆ ಈಗ ದೊಡ್ಡ ಶತ್ರು ಎದುರಾಳಿ ತಂಡವಲ್ಲ, ಸಂಘಟಕರ ಸೌಂಡ್ ಬಾಕ್ಸ್. ಗೋಲು ಬಿದ್ದ ಮರುಕ್ಷಣ ಡಿಜೆ ಒಂದು ಸಿನಿಮಾ ಹಾಡು ಹಾಕಿಬಿಡುತ್ತಾನೆ. ಸಾವಿರ ಗಂಟಲು ಏಳುವ ಮೊದಲೇ ಮುಚ್ಚಿಹೋಗುತ್ತವೆ. ಕುಣಿಯಲು ಅನುಕೂಲ, ನಿಜ. ಆದರೆ ಆ ಹಾಡಿನಲ್ಲಿ ಗೋಲ್‌ಕೀಪರನ ಹೊಟ್ಟೆಗೆ ಜಾಗವಿರುವುದಿಲ್ಲ.

ಕಳೆದ ಸಲ ಹೋದಾಗ ನಾವು ನೋಟ್‌ಬುಕ್ಕೊಂದನ್ನು ಒಯ್ದಿದ್ದೆವು. ಚಿಣ್ಣಪ್ಪನವರು ಮಾಡಿದ್ದನ್ನು ಚೂರಾದರೂ ಮಾಡೋಣವೆಂದು. ಗುಂಪಿನ ಪಕ್ಕ ನಿಂತು ಮೂರು ಹಾಡು ಬರೆದುಕೊಂಡೆವು. ನಾಲ್ಕನೆಯದಕ್ಕೆ ಒಬ್ಬ ಹುಡುಗ ಬಗ್ಗಿ ಪುಟ ನೋಡಿದ. "ಇದನ್ನ ಬರೀಬೇಡಿ ಸಾರ್, ಇವತ್ತೇ ಸರಿಯಾಗಿಲ್ಲ, ಎರಡನೇ ಹಾಫಿಗೆ ಬೇರೆ ಮಾಡ್ತೇವೆ" ಎಂದ. ನಾವು ಪೆನ್ನು ಜೇಬಿಗಿಟ್ಟು ಎರಡನೇ ಹಾಫಿಗೆ ಕಾದೆವು. ಅಷ್ಟರಲ್ಲಿ ಮಳೆ ಬಂತು. ಆಟಗಾರರು ಒಳಗೆ ಓಡಿದರು. ಹುಡುಗರು ಮಾತ್ರ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತುಕೊಂಡು, ಮಳೆಯನ್ನೇ ಬೈಯುವ ಒಂದು ಹಾಡು ಶುರು ಮಾಡಿದರು.